ಮೊದಲು ಇಷ್ಟವಾಗಲಿ, ಆಮೇಲೆ ಕಷ್ಟವಾಗಲಿ: ನಡುವಯಸ್ಸಿನಲ್ಲಿ ವ್ಯಾಯಾಮ ಶುರು ಮಾಡುವವರಿಗೆ

ರಕ್ತಪರೀಕ್ಷೆಯ ವರದಿಯಲ್ಲಿ ಒಂದೆರಡು ಅಂಕಿಗಳು ಗೆರೆ ದಾಟಿರುತ್ತವೆ. ಇಲ್ಲವೇ ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿ ಹತ್ತುವಷ್ಟರಲ್ಲಿ ದಮ್ಮು ಕಟ್ಟಿ, ಮೆಟ್ಟಿಲ ಕಂಬಿ ಹಿಡಿದು ನಿಂತಿರುತ್ತೇವೆ. ವೈದ್ಯರು ‘ಸ್ವಲ್ಪ ಎಕ್ಸರ್‌ಸೈಜ್ ಶುರು ಮಾಡಿ’ ಎನ್ನುತ್ತಾರೆ. ಆ ಸ್ವಲ್ಪ ಎಂದರೆ ಎಷ್ಟು, ಶುರು ಮಾಡುವುದು ಎಲ್ಲಿಂದ ಎಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿರುತ್ತದೆ.

ನಲವತ್ತೈದು, ಐವತ್ತು ದಾಟಿದ ಮೇಲೆ ಮೊದಲ ಸಲ ವ್ಯಾಯಾಮಕ್ಕೆ ಇಳಿಯುವವರಲ್ಲಿ ಬಹಳ ಮಂದಿಯ ಅನುಭವ ಒಂದೇ ಥರ. ಹೊಸ ಶೂ ಬರುತ್ತದೆ. ಸೋಮವಾರ ಬೆಳಗ್ಗೆ ಹುಮ್ಮಸ್ಸಿನಿಂದ ಓಡಲು ಹೊರಡುತ್ತಾರೆ. ಎರಡೇ ನಿಮಿಷಕ್ಕೆ ಏದುಸಿರು, ಪಕ್ಕೆಯಲ್ಲಿ ಚುಚ್ಚಿದಂಥ ನೋವು. ಬುಧವಾರ ತೊಡೆಗಳು ಬಿಗಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟ. ಮುಂದಿನ ಸೋಮವಾರಕ್ಕೆ ಶೂ ಡಬ್ಬಿ ಸೇರಿರುತ್ತದೆ, ‘ನಮಗೆ ಇದೆಲ್ಲ ಆಗಿಬರದು’ ಎಂಬ ತೀರ್ಮಾನವೂ ಆಗಿರುತ್ತದೆ. ಸೋಮಾರಿತನ ಎಂದು ತಮ್ಮನ್ನೇ ಬೈದುಕೊಳ್ಳುವವರೂ ಇದ್ದಾರೆ. ನಿಜಕ್ಕೂ ಅಲ್ಲಿ ಎಡವಿದ್ದು ವೇಗದ ಲೆಕ್ಕದಲ್ಲಿ. ವ್ಯಾಯಾಮ ಹಿತವಾಗುವುದಕ್ಕೂ ಹಿಂಸೆಯಾಗುವುದಕ್ಕೂ ಮೈಯೊಳಗೆ ಒಂದು ಸ್ಪಷ್ಟವಾದ ಗಡಿ ಇದೆ. ಅದು ಎಲ್ಲಿದೆ ಎಂದು ತಿಳಿದರೆ ಉಳಿದದ್ದು ಸುಲಭ.

## ಈ ವಯಸ್ಸಿನ ಮೈಯಲ್ಲಿ ಏನಾಗಿದೆ?

ಮೂವತ್ತು ದಾಟಿದ ಮೇಲೆ ಕೂತೇ ಕೆಲಸ ಮಾಡುವವರ ಮೈಯಲ್ಲಿ ಸದ್ದಿಲ್ಲದೆ ಎರಡು ಸಂಗತಿಗಳು ನಡೆಯುತ್ತಿರುತ್ತವೆ. ಮೊದಲನೆಯದು ಸ್ನಾಯು ಕರಗುವುದು: ಹತ್ತು ವರ್ಷಕ್ಕೆ ಸರಿಸುಮಾರು ಶೇ 3ರಿಂದ 8ರಷ್ಟು. ವಯಸ್ಸಾದಂತೆ ಸ್ನಾಯು ಕ್ಷೀಣಿಸುವ ಈ ಸ್ಥಿತಿಗೆ ‘ಸಾರ್ಕೊಪೀನಿಯ’ ಎಂಬ ಹೆಸರಿದೆ. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಈ ಹೆಸರನ್ನು ಸೂಚಿಸಿದರು. ಎರಡನೆಯದು, ಮೈ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬ ಶಕ್ತಿ. ಆಡುಮಾತಿನಲ್ಲಿ ಹೇಳುವುದಾದರೆ ‘ದಮ್ಮು’. ಇದು ಹತ್ತು ವರ್ಷಕ್ಕೆ ಸುಮಾರು ಶೇ 10ರಂತೆ ಇಳಿಯುತ್ತದೆ. ಇಪ್ಪತ್ತೈದರಲ್ಲಿ ಬಸ್ಸು ಹಿಡಿಯಲು ಓಡಿದ ಓಟವೇ ಐವತ್ತರಲ್ಲಿ ಬೇರೆಯಾಗಿ ಅನ್ನಿಸಲು ಇದು ಕಾರಣ.

ಮಹಿಳೆಯರಿಗೆ ಮುಟ್ಟು ನಿಲ್ಲುವ ಹೊತ್ತಿನಲ್ಲಿ ಈಸ್ಟ್ರೋಜನ್ ಇಳಿಯುವುದರಿಂದ ಮೂಳೆಯ ಸಾಂದ್ರತೆಯೂ ಬೇಗ ಕಡಿಮೆಯಾಗುತ್ತದೆ.

ಕಳೆದುಕೊಂಡದ್ದರಲ್ಲಿ ದೊಡ್ಡ ಪಾಲು ವಯಸ್ಸಿನಿಂದಲ್ಲ, ಬಳಸದೆ ಬಿಟ್ಟದ್ದರಿಂದ ಹೋದದ್ದು. ಬಳಸಲು ಶುರು ಮಾಡಿದರೆ ಯಾವ ವಯಸ್ಸಿನಲ್ಲೂ ಸಾಕಷ್ಟು ಮರಳಿ ಬರುತ್ತದೆ. 1990ರಲ್ಲಿ ಅಮೆರಿಕದ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ತೂಕದ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಹಾಗಾದರೆ ಐವತ್ತರಲ್ಲಿ ತಡವಾಯಿತು ಎಂದು ಕೊರಗಲು ಕಾರಣವೇ ಇಲ್ಲ.

ಆದರೆ ಒಂದು ಎಚ್ಚರ. ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಒಗ್ಗಿಕೊಳ್ಳುವುದಿಲ್ಲ. ಉಸಿರು ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಚುರುಕಾಗುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೊಸಬರಿಗೆ ಒಂದೂವರೆ ತಿಂಗಳಲ್ಲಿ ‘ಈಗ ಎಷ್ಟು ಬೇಕಾದರೂ ಓಡಬಲ್ಲೆ’ ಎನ್ನಿಸುವ ಹೊತ್ತಿಗೇ ಹಿಮ್ಮಡಿಯೋ ಮಂಡಿಯೋ ಕೈಕೊಡುವುದು ಇದರಿಂದಲೇ.

## ಎಷ್ಟು ಮಾಡಿದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಜೋರಾದ ಶ್ರಮವಾದರೆ ಅದರ ಅರ್ಧ, ಅಂದರೆ 75ರಿಂದ 150 ನಿಮಿಷ. ಇದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಇದೇ ಸಂಸ್ಥೆಯ 2010ರ ಮಾರ್ಗಸೂಚಿಯಲ್ಲಿ ‘ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ’ ಎಂಬ ಷರತ್ತಿತ್ತು. 2020ರಲ್ಲಿ ಅದನ್ನು ಕೈಬಿಟ್ಟರು. ಮೂರು ನಿಮಿಷ ಮೆಟ್ಟಿಲು ಹತ್ತಿದ್ದೂ ಈಗ ಲೆಕ್ಕಕ್ಕೆ ಸೇರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಇಡೀ ಮಾರ್ಗಸೂಚಿಯಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ.

ದಿನನಿತ್ಯದ ಓಡಾಟವೇ ಹೃದಯಕ್ಕೆ ಒಳ್ಳೆಯದು ಎಂಬ ತಿಳಿವಳಿಕೆ ಗಟ್ಟಿಯಾದದ್ದು ಲಂಡನ್ನಿನ ಎರಡು ಮಹಡಿಯ ಬಸ್ಸುಗಳಿಂದ. ಜೆರೆಮಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನವಿಡೀ ಕೂತು ಬಸ್ಸು ಓಡಿಸುವ ಚಾಲಕರಿಗಿಂತ, ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಕಂಡುಬಂತು. ಚಾಲಕರ ಸಮವಸ್ತ್ರದ ಸೊಂಟದ ಅಳತೆ ನಿರ್ವಾಹಕರದಕ್ಕಿಂತ ದೊಡ್ಡದು ಎಂಬುದನ್ನೂ ಮಾರಿಸ್ ಅವರ ತಂಡವೇ 1956ರಲ್ಲಿ ತೋರಿಸಿತು, ಹಾಗಾಗಿ ಎಲ್ಲ ಶ್ರೇಯವನ್ನೂ ಮೆಟ್ಟಿಲುಗಳಿಗೇ ಕೊಡುವಂತಿಲ್ಲ. ಆದರೂ ನಂತರದ ದಶಕಗಳ ಅಧ್ಯಯನಗಳು ಅವರ ಮೂಲ ಮಾತನ್ನು ಮತ್ತೆ ಮತ್ತೆ ಎತ್ತಿಹಿಡಿದಿವೆ.

ಇನ್ನು ‘ದಿನಕ್ಕೆ 10,000 ಹೆಜ್ಜೆ’. ಈ ಅಂಕಿ ಬಂದದ್ದು ವೈದ್ಯಕೀಯ ಸಂಶೋಧನೆಯಿಂದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರು ‘ಮಾನ್‌ಪೊ-ಕೇ’. ಅದರ ಅರ್ಥ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು. ಅಂಕಿ ಅಲ್ಲಿಂದ ಜನರ ಬಾಯಿಗೆ ಬಂತು. 2019ರಲ್ಲಿ ಐ-ಮಿನ್ ಲೀ ಅವರ ತಂಡ ಸರಾಸರಿ 72 ವರ್ಷದ ಮಹಿಳೆಯರನ್ನು ಗಮನಿಸಿದಾಗ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಆಗಲೇ ಗಣನೀಯವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಲಾಭದ ಗೆರೆ ಮಟ್ಟಸವಾಯಿತು. ಫೋನು ಹತ್ತು ಸಾವಿರ ತೋರಿಸಲಿಲ್ಲ ಎಂದು ಆ ದಿನವನ್ನು ವ್ಯರ್ಥವೆಂದುಕೊಳ್ಳಬೇಕಿಲ್ಲ.

## ‘ಮಧ್ಯಮ ಶ್ರಮ’ ಎಂದರೆ ಏನು?

ಅಳೆಯಲು ಯಂತ್ರ ಬೇಡ, ಬಾಯಿ ಸಾಕು. ನಡೆಯುತ್ತಲೇ ಪೂರ್ತಿ ವಾಕ್ಯಗಳಲ್ಲಿ ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ ಎಂದಾದರೆ ಅದು ಮಧ್ಯಮ ಶ್ರಮ. ಆರಾಮವಾಗಿ ಹಾಡಲೂ ಆದರೆ ಹಗುರ. ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಜೋರು. ಇದಕ್ಕೆ ‘ಟಾಕ್ ಟೆಸ್ಟ್’ ಎನ್ನುತ್ತಾರೆ.

ಗಡಿಯಾರದಂತೆ ಕಟ್ಟಿಕೊಳ್ಳುವ ಸಾಧನಗಳು ಎದೆಬಡಿತ ತೋರಿಸುತ್ತವೆ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಸೂತ್ರ ಪ್ರಸಿದ್ಧ. ಅದು ಒರಟು ಸರಾಸರಿ ಅಷ್ಟೇ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು, ಹದಿನೈದು ಬಡಿತಗಳ ವ್ಯತ್ಯಾಸ ಸಹಜ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರುವುದೇ ಕಡಿಮೆ, ಹಾಗಾಗಿ ಅವರಿಗೆ ಆ ಸೂತ್ರ ಒಪ್ಪುವುದಿಲ್ಲ. ಮಾತಿನ ಪರೀಕ್ಷೆ ಮಾತ್ರ ಅವರಿಗೂ ಕೆಲಸ ಮಾಡುತ್ತದೆ.

## ಹಿತ ಮತ್ತು ಹಿಂಸೆಯ ನಡುವಿನ ಹೊಸ್ತಿಲು

ನಡಿಗೆಯ ವೇಗವನ್ನು ಮೆಲ್ಲಮೆಲ್ಲಗೆ ಏರಿಸುತ್ತ ಹೋಗಿ. ಒಂದು ಹಂತದವರೆಗೆ ಉಸಿರು ಶ್ರಮಕ್ಕೆ ತಕ್ಕಷ್ಟೇ ಏರುತ್ತದೆ. ಸ್ನಾಯುಗಳು ಕೇಳಿದ ಆಮ್ಲಜನಕವನ್ನು ರಕ್ತ ಪೂರೈಸುತ್ತಿರುತ್ತದೆ. ಆ ಹಂತ ದಾಟಿದ ಕೂಡಲೇ ಸ್ನಾಯುಗಳು ಆಮ್ಲಜನಕವಿಲ್ಲದೆ ಶಕ್ತಿ ಪಡೆಯುವ ಅಡ್ಡದಾರಿಯನ್ನು ಹೆಚ್ಚು ಹಿಡಿಯುತ್ತವೆ. ಲ್ಯಾಕ್ಟೇಟ್ ಎಂಬ ವಸ್ತು ಖರ್ಚಾಗುವುದಕ್ಕಿಂತ ಬೇಗ ರಕ್ತದಲ್ಲಿ ಜಮೆಯಾಗತೊಡಗುತ್ತದೆ. ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಉಸಿರಾಟ ಒಮ್ಮೆಲೇ ಜೋರಾಗುತ್ತದೆ. ಇದನ್ನು ನಾವು ಉಸಿರಿನ ಹೊಸ್ತಿಲು ಎಂದು ಕರೆಯೋಣ.

ವ್ಯಾಯಾಮದ ಹೊತ್ತಿನ ಭಾವನೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಪ್ಯಾಂಟೆಲೀಮನ್ ಎಕೆಕಾಕಿಸ್ ಅವರ ಕೆಲಸದಿಂದ ತಿಳಿದುಬಂದ ವಿಷಯ ಇದು: ಈ ಹೊಸ್ತಿಲ ಕೆಳಗೆ ಇರುವವರೆಗೆ ಬಹುತೇಕ ಜನರಿಗೆ ವ್ಯಾಯಾಮ ಹಿತವೆನಿಸುತ್ತದೆ. ಹೊಸ್ತಿಲಿನ ಆಸುಪಾಸಿನಲ್ಲಿ ಒಬ್ಬೊಬ್ಬರದು ಒಂದೊಂದು ಅನುಭವ. ಅದನ್ನು ಚೆನ್ನಾಗಿ ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಅದು ಸಂಕಟವೇ.

ವರ್ಷಗಟ್ಟಲೆ ಕೂತಿದ್ದ ಮೈಯಲ್ಲಿ ಈ ಹೊಸ್ತಿಲು ತುಂಬ ಕೆಳಗಿರುತ್ತದೆ. ಹತ್ತು ವರ್ಷದಿಂದ ಓಡುತ್ತಿರುವ ಗೆಳತಿಗೆ ನಿಧಾನದ ಓಟವೂ ಹರಟೆಯ ಹೊತ್ತು. ಪಕ್ಕದಲ್ಲಿರುವ ನಿಮಗೆ ಅದೇ ವೇಗ ಹೊಸ್ತಿಲಿಗಿಂತ ಎಷ್ಟೋ ಮೇಲೆ. ಅವರು ‘ಎಷ್ಟು ಮಜಾ ಇದೆಯಲ್ಲ’ ಎನ್ನುವಾಗ ಸುಳ್ಳು ಹೇಳುತ್ತಿಲ್ಲ, ನಿಮಗೆ ಮಜಾ ಬರದಿದ್ದುದೂ ಸುಳ್ಳಲ್ಲ. ಇಬ್ಬರೂ ಒಂದೇ ದಾರಿಯಲ್ಲಿ ಬೇರೆ ಬೇರೆ ವ್ಯಾಯಾಮ ಮಾಡುತ್ತಿದ್ದೀರಿ. ಮೊದಲ ಒಂದೆರಡು ತಿಂಗಳು ಮಾತಿನ ಪರೀಕ್ಷೆಯಲ್ಲಿ ಪಾಸಾಗುವ ವೇಗದಲ್ಲೇ ಇದ್ದರೆ ಹೊಸ್ತಿಲು ತಾನಾಗಿ ಮೇಲೇರುತ್ತದೆ. ಮೊದಲು ಏದುಸಿರು ತಂದ ಏರುದಾರಿಯಲ್ಲಿ ಆಗ ಮಾತಾಡಿಕೊಂಡು ಹೋಗಬಹುದು.

## ಮೊದಲ ಐದು ನಿಮಿಷವನ್ನು ನಂಬಬೇಡಿ

ಚಟುವಟಿಕೆ ಶುರುವಾದ ಕೂಡಲೇ ಸ್ನಾಯುಗಳಿಗೆ ಆಮ್ಲಜನಕ ಬೇಕು, ಆದರೆ ಹೃದಯ ಮತ್ತು ಶ್ವಾಸಕೋಶ ಆ ಬೇಡಿಕೆಗೆ ಹೊಂದಿಕೊಳ್ಳಲು ಎರಡು, ಮೂರು ನಿಮಿಷ ಬೇಕಾಗುತ್ತದೆ. ಅಭ್ಯಾಸವಿಲ್ಲದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಅಷ್ಟು ಹೊತ್ತು ಮೈ ಸಾಲದ ಮೇಲೆ ನಡೆಯುತ್ತದೆ.

ನಾನು ನಲವತ್ತೇಳರಲ್ಲಿ ಬಿರುನಡಿಗೆ ಶುರು ಮಾಡಿದಾಗ ನಾಲ್ಕನೇ ನಿಮಿಷಕ್ಕೆ ಪ್ರತಿದಿನವೂ ವಾಪಸ್ ಹೋಗಿಬಿಡೋಣ ಎನ್ನಿಸುತ್ತಿತ್ತು. ಮೀನಖಂಡ ಬಿಗಿ, ಉಸಿರಿಗೂ ಹೆಜ್ಜೆಗೂ ತಾಳವೇ ಕೂಡದು. ಎಂಟನೇ ನಿಮಿಷದ ಹೊತ್ತಿಗೆ ಬೆರಳುಗಳು ಬೆಚ್ಚಗಾಗಿ, ಕಿವಿಯವರೆಗೆ ಏರಿದ್ದ ಭುಜಗಳು ಇಳಿದು, ನಾಲ್ಕು ಹೆಜ್ಜೆಗೆ ಒಂದು ಉಸಿರು ತಾನಾಗಿ ಕೂಡಿಕೊಳ್ಳುತ್ತಿತ್ತು. ಅದೇ ದಾರಿ, ಅದೇ ಕಾಲು. ಆ ನಾಲ್ಕು ನಿಮಿಷಗಳ ಕಾರಣ ತಿಳಿದ ಮೇಲೆ ಅವುಗಳಿಗೆ ಹೆದರುವುದು ನಿಂತಿತು.

ಹೊರಡುವ ಮುನ್ನವೇ ಬೇಡವೆನಿಸುವುದಕ್ಕೂ ಇದೇ ಕಾರಣವಿರಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಎಷ್ಟು ಹಿತವಾಗಿರಬಹುದು ಎಂದು ಜನ ಮೊದಲೇ ಊಹಿಸಿದ್ದಕ್ಕಿಂತ ಆಮೇಲೆ ಪಟ್ಟ ಹಿತವೇ ಹೆಚ್ಚಿತ್ತು. ಊಹಿಸುವಾಗ ನಮ್ಮ ಮನಸ್ಸು ಬೇಸರದ ಆರಂಭವನ್ನೇ ಕಣ್ಣಮುಂದೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲ ಐದು ನಿಮಿಷ ಬೇಕೆಂದೇ ನಿಧಾನ ಮಾಡಿ. ವಾರ್ಮ್‌ಅಪ್ ಎಂದರೆ ಇದೇ.

ಮುಗಿಸುವ ರೀತಿಯೂ ಮುಖ್ಯ. 2016ರ ಒಂದು ಪ್ರಯೋಗದಲ್ಲಿ ಕೆಲವರು ಹಗುರವಾಗಿ ಶುರು ಮಾಡಿ ಜೋರಾಗಿ ಮುಗಿಸಿದರು, ಉಳಿದವರು ಜೋರಾಗಿ ಶುರು ಮಾಡಿ ಹಗುರವಾಗಿ ಮುಗಿಸಿದರು. ಕೊನೆಗೆ ಹಗುರವಾದವರಿಗೆ ಆ ನೆನಪೇ ಹೆಚ್ಚು ಸಿಹಿಯಾಗಿತ್ತು, ಮುಂದಿನ ಸಲದ ಬಗ್ಗೆ ನಿರೀಕ್ಷೆಯೂ ಚೆನ್ನಾಗಿತ್ತು. ಕೊನೆಯ ಸುತ್ತು ಓಡಿ ಸುಸ್ತಾಗಿ ಕುಸಿಯುವುದಕ್ಕಿಂತ, ‘ಇನ್ನೂ ಐದು ನಿಮಿಷ ಮಾಡಬಹುದಿತ್ತು’ ಎನ್ನಿಸುವಾಗಲೇ ನಿಲ್ಲಿಸುವುದು ನಾಳೆಯ ದೃಷ್ಟಿಯಿಂದ ಜಾಣತನ.

## ನಿಮಗೆ ಒಪ್ಪುವುದನ್ನು ಹುಡುಕುವುದು

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ ಒಂದು ಕೆಲಸದಲ್ಲಿ ಒಳಗಿನಿಂದ ಆಸಕ್ತಿ ಉಳಿಯಲು ಮೂರು ಸಂಗತಿ ಬೇಕು: ಇದು ನನ್ನ ಆಯ್ಕೆ ಎಂಬ ಭಾವ, ನನಗೆ ಇದು ಬರುತ್ತಿದೆ ಎಂಬ ಭಾವ, ಜೊತೆಗೆ ಜನ ಇದ್ದಾರೆ ಎಂಬ ಭಾವ. ಇಷ್ಟವಾಗದೆ ಬಿಟ್ಟ ವ್ಯಾಯಾಮಗಳನ್ನು ನೆನೆದು ನೋಡಿ, ಈ ಮೂರರಲ್ಲಿ ಯಾವುದಾದರೊಂದು ಅಲ್ಲಿ ಇರಲಿಲ್ಲ ಎಂಬುದು ಹೊಳೆಯುತ್ತದೆ. ಮನೆಯವರ ಒತ್ತಾಯಕ್ಕೆ ಸೇರಿದ ಜಿಮ್ಮಿನಲ್ಲಿ ಮೊದಲನೆಯದಿಲ್ಲ. ಎಲ್ಲರೂ ಪಳಗಿದವರೇ ಇರುವ ಕ್ಲಾಸಿನಲ್ಲಿ ಎರಡನೆಯದಿಲ್ಲ.

ನಿಮ್ಮ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನವಿಡೀ ಜನರ ನಡುವೆ ಇರುವವರಿಗೆ ಒಂಟಿಯಾಗಿ ಈಜುವುದೋ ಸೈಕಲ್ ತುಳಿಯುವುದೋ ವಿಶ್ರಾಂತಿ. ಮನೆಯಿಂದಲೇ ಕೆಲಸ ಮಾಡುವವರಿಗೆ ಗುಂಪಿನ ನೃತ್ಯ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಜೀವ ತರುತ್ತದೆ. ಆಟವಾಡುವಾಗ ಗಮನ ಚೆಂಡಿನ ಮೇಲಿರುವುದರಿಂದ ಸಮಯ ಹೋದದ್ದೇ ತಿಳಿಯುವುದಿಲ್ಲ. ಆದರೆ ಗೆಲ್ಲುವ ಹುರುಪಿನಲ್ಲಿ ಹೊಸ್ತಿಲು ದಾಟುವುದೂ ತಿಳಿಯುವುದಿಲ್ಲ, ಬ್ಯಾಡ್ಮಿಂಟನ್‌ನಲ್ಲಿ ಒಮ್ಮೆಲೇ ತಿರುಗಿ ಜಿಗಿಯುವುದು ಹಿಮ್ಮಡಿಯ ಸ್ನಾಯುರಜ್ಜುವಿಗೆ ಅಪಾಯ. ಮೊದಲು ಒಂದೆರಡು ತಿಂಗಳು ನಡೆದು, ಕಾಲು ಗಟ್ಟಿ ಮಾಡಿಕೊಂಡು ಅಂಗಳಕ್ಕೆ ಇಳಿಯಿರಿ. ಮಂಡಿ ನೋವಿರುವವರಿಗೆ ನೀರು ಮತ್ತು ಸೈಕಲ್ ಒಳ್ಳೆಯ ಜೊತೆ, ಎರಡರಲ್ಲೂ ಮೈಭಾರ ಮಂಡಿಯ ಮೇಲೆ ಪೂರ್ತಿ ಬೀಳುವುದಿಲ್ಲ.

ಬರೀ ನಡಿಗೆ ಬೇಸರವೆನ್ನುವವರು ಜಪಾನಿನ ಶಿನ್‌ಶೂ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಬಗೆಯನ್ನು ನೋಡಬಹುದು: ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ, ಹೀಗೆ ಐದು ಸಲ. ಅರ್ಧ ಗಂಟೆ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವುದರಿಂದ ಭಾರವೆನಿಸುವುದಿಲ್ಲ.

ಯಾವುದನ್ನೇ ಆಗಲಿ ಒಂದೇ ದಿನ ನೋಡಿ ತೀರ್ಪು ಕೊಡಬೇಡಿ. ಮೂರು, ನಾಲ್ಕು ಸಲ ಮಾಡಿ. ಮೊದಲ ದಿನ ಜಾಗ, ಬಟ್ಟೆ, ಅಪರಿಚಿತರ ಮುಖ, ಎಲ್ಲವೂ ಸೇರಿ ತಲೆ ತುಂಬಿರುತ್ತದೆ. ಮುಗಿಸಿದ ಅರ್ಧ ಗಂಟೆಯ ಮೇಲೆ ಹೇಗನ್ನಿಸುತ್ತಿದೆ ಎಂದು ಒಂದೇ ಸಾಲು ಬರೆದಿಡಿ. ತಿಂಗಳ ಕೊನೆಗೆ ಆ ಸಾಲುಗಳನ್ನು ಓದಿದರೆ ಯಾವುದನ್ನು ಮುಂದುವರಿಸಬೇಕು ಎಂಬುದು ನಿಮ್ಮದೇ ಅಕ್ಷರದಲ್ಲಿ ಇರುತ್ತದೆ.

## ಕುರ್ಚಿಯಿಂದ ಏಳುವ ವ್ಯಾಯಾಮ

ವಾರಕ್ಕೆ ಎರಡು ದಿನದ ಸ್ನಾಯು ವ್ಯಾಯಾಮಕ್ಕೆ ಜಿಮ್ಮೇ ಬೇಕೆಂದಿಲ್ಲ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯ ಅಂಚಿನಲ್ಲಿ ಕೂತು, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಊರಿ, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಏಳಿ. ಕೂರುವಾಗ ದೊಪ್ಪನೆ ಬೀಳದೆ, ಮನಸ್ಸಿನಲ್ಲಿ ಮೂರು ಎಣಿಸುತ್ತ ಇಳಿಯಿರಿ. ಎಂಟು, ಹತ್ತು ಸಲ ಮಾಡಿದರೆ ತೊಡೆಯ ಮುಂಭಾಗ ಬೆಚ್ಚಗಾಗುವುದು ತಿಳಿಯುತ್ತದೆ. ಸ್ವಲ್ಪ ಆರಾಮ ಮಾಡಿ ಇನ್ನೊಂದು ಸುತ್ತು. ಜೊತೆಗೆ ಗೋಡೆಗೆ ಕೈಯೂರಿ ಮೊಣಕೈ ಮಡಚಿ ಬಿಡಿಸುವ ಪುಷ್‌ಅಪ್, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು. ಆರಂಭಕ್ಕೆ ಇಷ್ಟು ಧಾರಾಳ.

ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಏರಿದಂತೆ ಕಾಣುತ್ತದೆ. ಸ್ನಾಯು ಆಗಿನ್ನೂ ಹೆಚ್ಚು ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ಕೆಲಸಕ್ಕೆ ಹಚ್ಚಲು ನರಗಳು ಕಲಿತಿರುತ್ತವೆ. ‘ನನಗೆ ಇದು ಬರುತ್ತಿದೆ’ ಎಂಬ ಖುಷಿ ಬೇಗ ಸಿಗುವುದು ಇದರಲ್ಲೇ.

## ಯಾವ ನೋವು ಸಹಜ, ಯಾವುದು ಅಲ್ಲ?

ಹೊಸ ವ್ಯಾಯಾಮದ ಮಾರನೇ ದಿನ, ಅದರ ಮಾರನೇ ದಿನ ಸ್ನಾಯುಗಳಲ್ಲಿ ಬರುವ ಮಂದ ನೋವು ಸಹಜ. ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಅದು ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬ ಮಾತು ಚಾಲ್ತಿಯಲ್ಲಿದೆ, ಆದರೆ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲೇ ರಕ್ತದಿಂದ ತೆರವಾಗಿರುತ್ತದೆ. ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಹಾನಿ, ಅದರ ದುರಸ್ತಿಯ ಹೊತ್ತಿನ ಉರಿಯೂತ ಇದರ ಹಿಂದಿವೆ. ಭಾರ ಹೊತ್ತು ಸ್ನಾಯು ಉದ್ದವಾಗುವ ಚಲನೆಗಳೇ ಹೆಚ್ಚು ನೋವು ತರುವುದರಿಂದ, ಗುಡ್ಡ ಹತ್ತಿದ್ದಕ್ಕಿಂತ ಇಳಿದದ್ದು ಹೆಚ್ಚು ಕಾಡುತ್ತದೆ. ಅದೇ ಕೆಲಸವನ್ನು ಎರಡನೇ ಸಲ ಮಾಡಿದಾಗ ನೋವು ಎಷ್ಟೋ ಕಡಿಮೆ.

ಕೀಲಿನಲ್ಲಿ ಚುಚ್ಚುವ ನೋವು, ಊತ, ದಿನೇದಿನೇ ಹೆಚ್ಚುವ ನೋವು ಇದ್ದರೆ ನಿಲ್ಲಿಸಿ ತೋರಿಸಿಕೊಳ್ಳಬೇಕು. ಎದೆ ಹಿಂಡಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಡುವುದು, ಕಣ್ಣು ಕತ್ತಲಿಡುವುದು, ಶ್ರಮಕ್ಕೆ ಮೀರಿದ ಉಬ್ಬಸ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೃದ್ರೋಗ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಶುರು ಮಾಡುವ ಮೊದಲೇ ವೈದ್ಯರನ್ನು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ಅಂಶ ತೀರಾ ಇಳಿಯಬಹುದು, ಅದರ ಬಗ್ಗೆ ಮುಂಚೆಯೇ ಮಾತಾಡಿಕೊಳ್ಳುವುದು ಅಗತ್ಯ.

## ರೂಢಿಯಾಗಲು ಎಷ್ಟು ದಿನ?

ಇಪ್ಪತ್ತೊಂದು ದಿನ ಎಂಬ ಮಾತಿಗೆ ಆಧಾರ ಸಾಲದು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿದರು. ಪ್ರತಿಯೊಬ್ಬರೂ ದಿನದ ಒಂದು ನಿಗದಿತ ಸಂದರ್ಭಕ್ಕೆ ಒಂದು ಹೊಸ ಅಭ್ಯಾಸವನ್ನು ಜೋಡಿಸಿಕೊಂಡಿದ್ದರು. ಅದು ಯೋಚಿಸದೆಯೇ ನಡೆಯುವ ರೂಢಿಯಾಗಲು ಹಿಡಿದ ಕಾಲದ ಮಧ್ಯಮ ಅಂದಾಜು 66 ದಿನ. ಆದರೆ ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನ ಎಂಬಷ್ಟು ಅಂತರವಿತ್ತು (ಹನ್ನೆರಡು ವಾರ ಮೀರಿದ ಅಂಕಿಗಳು ಲೆಕ್ಕ ಹಾಕಿ ಮುಂದಕ್ಕೆ ಊಹಿಸಿದವು). ನೀರು ಕುಡಿಯುವಂಥ ಸುಲಭದ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಬೇಕಾಯಿತು. ಹೊಸ ಕೆಲಸವನ್ನು ಆಗಲೇ ನಡೆಯುತ್ತಿರುವ ಯಾವುದಾದರೂ ಕೆಲಸದ ಬಾಲಕ್ಕೆ ಕಟ್ಟುವುದು ಇಲ್ಲಿನ ಉಪಾಯ: ಹಲ್ಲುಜ್ಜಿದ ಕೂಡಲೇ ಶೂ, ಕೆಲಸದ ಕಂಪ್ಯೂಟರ್ ಮುಚ್ಚಿದ ಕೂಡಲೇ ಕುರ್ಚಿಯ ವ್ಯಾಯಾಮ.

ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂಬುದೂ ಆ ಅಧ್ಯಯನದಲ್ಲಿ ಕಂಡುಬಂತು. ಜ್ವರವೋ ಪ್ರಯಾಣವೋ ಬಂದು ಎರಡು, ಮೂರು ವಾರ ನಿಂತೇಹೋದರೆ ಗತಿ ಏನು? ಬಿಟ್ಟಲ್ಲಿಂದ ಹಿಡಿಯಲು ಹೋಗಬೇಡಿ. ಮೂವತ್ತು ನಿಮಿಷ ನಡೆಯುತ್ತಿದ್ದವರು ಹದಿನೈದರಿಂದ ಶುರು ಮಾಡಿ, ಮಾತಿನ ಪರೀಕ್ಷೆ ಮಾಡಿಕೊಳ್ಳಿ, ವಾರಕ್ಕೆ ಐದೈದು ನಿಮಿಷ ಸೇರಿಸಿ. ಒಮ್ಮೆ ಪಳಗಿದ ಮೈ ಎರಡನೇ ಸಲ ಬೇಗ ಒಗ್ಗಿಕೊಳ್ಳುತ್ತದೆ. ಹಳೆಯ ಮೂವತ್ತು ನಿಮಿಷಕ್ಕೆ ಮರಳಲು ಮೊದಲ ಸಲದಷ್ಟು ದಿನ ಹಿಡಿಯುವುದಿಲ್ಲ.